ನಾಬ್‌ನ ಎರಡು ತುದಿಗಳು

ಮಗಳ ಕೋಣೆಯಲ್ಲಿ ಗಿಟಾರ್ ಆಂಪ್ಲಿಫೈಯರಿನ ಮುಖಕ್ಕೆ ಒಂದು ಟವೆಲ್ ಇಳಿಬಿದ್ದಿತ್ತು. ಸ್ನಾನದ ಟವೆಲ್ಲು; ನಾಲ್ಕು ಮಡಿಕೆ ಮಾಡಿ, ಸ್ಪೀಕರಿನ ಜಾಲರಿ ಪೂರ್ತಿ ಮುಚ್ಚುವ ಹಾಗೆ ಹಾಕಿದ್ದಳು. ಒಣಗಲು ಬಿಟ್ಟಿದ್ದಾಳೆ ಅಂದುಕೊಂಡು ತೆಗೆಯಹೋದೆ.

"ಬೇಡ ಅಪ್ಪ, ಅಲ್ಲೇ ಇರಲಿ."

"ಯಾಕೆ?"

"ಚುಚ್ಚುತ್ತೆ."

ಅವಳ ಕಾಲಬಳಿ ಇದ್ದದ್ದು ನಾನೇ ಮಾಡಿಕೊಟ್ಟ ಡಿಸ್ಟಾರ್ಷನ್ ಪೆಡಲ್. ಅಲ್ಯೂಮಿನಿಯಂ ಡಬ್ಬಿ, 9 ವೋಲ್ಟ್ ಬ್ಯಾಟರಿ, ಮೂರು ನಾಬ್: ಗೇನ್, ಟೋನ್, ವಾಲ್ಯೂಮ್. "ಟೋನ್ ನಾಬ್ ಇದೆಯಲ್ಲ, ನಿನಗೆ ಬೇಕಾದ ಹಾಗೆ ತಿರುಗಿಸಿಕೋ" ಎಂದೆ. "ಪೂರ್ತಿ ತಿರುಗಿಸಿದ್ದೀನಿ" ಎಂದಳು. ಬಗ್ಗಿ ನೋಡಿದೆ. ನಿಜ, ನಾಬ್‌ನ ಬಿಳಿ ಗೆರೆ ಕೊನೆ ಮುಟ್ಟಿ ನಿಂತಿತ್ತು. ನಾನು ಆಗ ಹೇಳಿದ ಮಾತು ಇವತ್ತಿಗೂ ನೆನಪಿದೆ: "ಹಾಗಾದರೆ ನಿನ್ನ ಆಂಪ್ಲಿಫೈಯರೇ ಸರಿಯಿಲ್ಲ."

ಅವಳು ಮರುಮಾತಾಡಲಿಲ್ಲ. ಟವೆಲ್ಲು ಎಂಟು ತಿಂಗಳು ಅಲ್ಲೇ ಇತ್ತು. ಆ ಎಂಟು ತಿಂಗಳಲ್ಲಿ ನಾನು ಆ ಕೋಣೆಗೆ ಹೋದಾಗಲೆಲ್ಲ ಅದನ್ನು ನೋಡಿದ್ದೇನೆ, ನೋಡಿ ಸುಮ್ಮನೆ ಹೊರಗೆ ಬಂದಿದ್ದೇನೆ. ಈ ಬರಹ ಆ ಎಂಟು ತಿಂಗಳ ಲೆಕ್ಕ.

ಪೆಡಲಿನಲ್ಲಿ ಟೋನ್ ನಾಬ್ ಮಾಡುವ ಕೆಲಸ ಬಹಳ ಸರಳ. 22 ಫ್ರೆಟ್ಟುಗಳ ಗಿಟಾರಿನಲ್ಲಿ ಎಲ್ಲಕ್ಕಿಂತ ಕೆಳಗಿನ ಸ್ವರ ಸುಮಾರು 82 ಹರ್ಟ್ಸ್, ಎಲ್ಲಕ್ಕಿಂತ ಮೇಲಿನದು ಸುಮಾರು 1,175 ಹರ್ಟ್ಸ್. ಅದರಾಚೆಗೆ ಕೇಳುವುದೆಲ್ಲ ಉಪಸ್ವರಗಳು, ನಾದದ ಬಣ್ಣ. ಡಿಸ್ಟಾರ್ಷನ್ ಪೆಡಲಿನಲ್ಲಿ ಡಯೋಡುಗಳು ಅಲೆಯ ನೆತ್ತಿಯನ್ನೂ ಬುಡವನ್ನೂ ಸವರಿ ಹಾಕುತ್ತವೆ. ಸವರಿದ ಅಂಚಿನಿಂದ ಹೊಸ ಉಪಸ್ವರಗಳು ರಾಶಿ ರಾಶಿ ಹುಟ್ಟುತ್ತವೆ. ಗಿಟಾರಿಗೆ ಸಿಟ್ಟು ಬರುವುದೂ ಅಲ್ಲಿಂದಲೇ, ಕಿವಿಗೆ ಗರಗಸ ಹಾಕುವುದೂ ಅಲ್ಲಿಂದಲೇ. ಆ ರಾಶಿಯಲ್ಲಿ ಎಷ್ಟನ್ನು ಉಳಿಸಿಕೊಳ್ಳಬೇಕು ಅನ್ನುವುದನ್ನು ಟೋನ್ ನಾಬ್ ತೀರ್ಮಾನಿಸುತ್ತದೆ.

ಇದಕ್ಕೆ ಬೇಕಾದದ್ದು ಒಂದು ರೆಸಿಸ್ಟರ್, ನಾಬ್ ತಿರುಗಿಸಿದಂತೆ ರೆಸಿಸ್ಟೆನ್ಸ್ ಬದಲಾಗುವ ಒಂದು ಪಾಟ್, ಒಂದು ಕೆಪಾಸಿಟರ್. ಸಂಕೇತ ರೆಸಿಸ್ಟರಿನ ಮೂಲಕ ಸಾಗುತ್ತದೆ. ದಾರಿಯಲ್ಲಿ ಕೆಪಾಸಿಟರ್ ಹೆಚ್ಚಿನ ಕಂಪನಾಂಕಗಳನ್ನು ನೆಲಕ್ಕೆ ಇಳಿಸಿಬಿಡುತ್ತದೆ. ಎರಡು ಪೈ, ರೆಸಿಸ್ಟೆನ್ಸ್, ಕೆಪಾಸಿಟೆನ್ಸ್ ಮೂರನ್ನೂ ಗುಣಿಸಿ, ಬಂದದ್ದರಿಂದ ಒಂದನ್ನು ಭಾಗಿಸಿದರೆ ಕಡಿತ ಯಾವ ಕಂಪನಾಂಕದಲ್ಲಿ ಶುರುವಾಗುತ್ತದೆ ಅನ್ನುವುದು ಸಿಗುತ್ತದೆ. ಅಲ್ಲಿಂದಾಚೆಗೆ ಕಂಪನಾಂಕ ಇಮ್ಮಡಿಯಾದಂತೆಲ್ಲ ನಾದದ ಬಲ ಅರ್ಧಕ್ಕರ್ಧ ಇಳಿಯುತ್ತದೆ. ಇಂಥ ಸರ್ಕ್ಯೂಟು ಏನನ್ನೂ ಸೇರಿಸಲಾರದು. "ಟ್ರೆಬಲ್ ಜಾಸ್ತಿ ಮಾಡಿದೆ" ಅನ್ನುತ್ತೇವೆ, ಆದರೆ ಅಲ್ಲಿ ಆಗಿರುವುದು ಕತ್ತರಿಸುವುದನ್ನು ಕಡಿಮೆ ಮಾಡಿದ್ದಷ್ಟೆ.

ನಾನು ಹಾಕಿದ್ದು 1 ಕಿಲೋಓಮ್ ರೆಸಿಸ್ಟರ್, 10 ಕಿಲೋಓಮ್ ಪಾಟ್, 4.7 ನ್ಯಾನೋಫ್ಯಾರಡ್ ಕೆಪಾಸಿಟರ್. ಎಸ್.ಪಿ. ರಸ್ತೆಯ ಒಂದು ಕಿರಿದಾದ ಅಂಗಡಿಯಲ್ಲಿ ಹತ್ತು ಹತ್ತರ ಲೆಕ್ಕದಲ್ಲಿ ಬೇರೆ ಬೇರೆ ಅಳತೆಯ ಕೆಪಾಸಿಟರುಗಳನ್ನು ತಂದಿದ್ದೆ. ಅದರಲ್ಲಿ 472 ಎಂದು ಅಚ್ಚಾಗಿದ್ದ ಹಸಿರು ಪಾಲಿಯೆಸ್ಟರ್ ಕೆಪಾಸಿಟರೇ ಆಗಬೇಕೆಂದು ಮೂರು ರಾತ್ರಿ ಕೂತು ಆರಿಸಿದೆ. ಎಲ್ಲರೂ ಮಲಗಿದ ಮೇಲೆ, ಆಂಪ್ಲಿಫೈಯರಿನ ದನಿಯನ್ನು ಪಿಸುಮಾತಿನಷ್ಟಕ್ಕೆ ಇಳಿಸಿ, ನನಗೆ ಬರುವ ನಾಲ್ಕು ಕಾರ್ಡುಗಳನ್ನೇ ಮತ್ತೆ ಮತ್ತೆ ಬಾರಿಸಿ ಕೇಳಿದೆ. 10 ನ್ಯಾನೋ ಹಾಕಿದರೆ ಮಂಕು. 22 ಹಾಕಿದರೆ ಗಿಟಾರಿಗೆ ಕಂಬಳಿ ಹೊದಿಸಿದ ಹಾಗೆ. 4.7 ಹಾಕಿದಾಗ ತಂತಿಗೆ ಜೀವ ಬಂತು ಅನ್ನಿಸಿತು. ಅದನ್ನೇ ಬೆಸುಗೆ ಹಾಕಿ ಡಬ್ಬಿ ಮುಚ್ಚಿದೆ.

ಈಗ ಲೆಕ್ಕ ಮಾಡಿ ನೋಡುತ್ತೇನೆ. ನಾಬ್ ಪೂರ್ತಿ ತೆರೆದಾಗ ಕಡಿತ ಶುರುವಾಗುತ್ತಿದ್ದದ್ದು ಸುಮಾರು 34,000 ಹರ್ಟ್ಸ್‌ನಲ್ಲಿ, ಅಂದರೆ ಮನುಷ್ಯರ ಕಿವಿ ಮುಟ್ಟದ ಎತ್ತರದಲ್ಲಿ. ಪೂರ್ತಿ ಮುಚ್ಚಿದಾಗ ಸುಮಾರು 3,080 ಹರ್ಟ್ಸ್. ನಾಬ್ ಸರಿಯಾಗಿ ನಡುವೆ ಇದ್ದಾಗಲೂ 5,600ರ ಆಸುಪಾಸು. ಗಿಟಾರ್ ಆಂಪ್ಲಿಫೈಯರಿನ ಸ್ಪೀಕರು 5,000 ಹರ್ಟ್ಸ್ ದಾಟಿದ ಮೇಲೆ ತಾನಾಗಿಯೇ ಕುಸಿಯುತ್ತದೆ. ಹಾಗಾಗಿ ನಾನು ಕೊಟ್ಟ ನಾಬ್‌ನ ಅರ್ಧ ಸುತ್ತು ಬರೀ ಖಾಲಿ ಜಾಗದಲ್ಲಿ ಓಡಾಡುತ್ತಿತ್ತು. ಉಳಿದರ್ಧದಲ್ಲೂ ಎಲ್ಲಕ್ಕಿಂತ ಮೃದುವಾದ ತುದಿ ಅವಳಿಗೆ ಬೇಕಾದ ಜಾಗದ ಹತ್ತಿರಕ್ಕೂ ಬರುತ್ತಿರಲಿಲ್ಲ. "ನಿನಗೆ ಬೇಕಾದ ಹಾಗೆ ತಿರುಗಿಸಿಕೋ" ಎಂದು ಅವಳಿಗೆ ಹೇಳಿದೆ. ತಿರುಗುವ ನಾಬ್‌ಗೆ ಎರಡು ತುದಿಗಳಿರುತ್ತವೆ, ಆ ತುದಿಗಳನ್ನು ನೆಟ್ಟವನು ನಾನು ಅನ್ನುವುದು ಮಾತ್ರ ನನಗೇ ಹೊಳೆದಿರಲಿಲ್ಲ.

ಹೊಳೆಯುವಂತೆ ಮಾಡಿದ್ದು ಪೆಡಲ್ ಅಲ್ಲ, ಆಸ್ಪತ್ರೆಯಲ್ಲಿ ಕೊಟ್ಟ ಒಂದು ಹಾಳೆ. ಮಳೆಗಾಲದ ಒಂದು ಸಂಜೆ ಹೆಂಡತಿ "ಜೀರುಂಡೆ ಎಷ್ಟು ಕಿರುಚುತ್ತಿವೆ" ಎಂದಳು. ನನಗೆ ಒಂದೂ ಕೇಳುತ್ತಿರಲಿಲ್ಲ. ಕೈಗಡಿಯಾರದ ಬೀಪ್ ಸದ್ದು ನಿಂತುಹೋಗಿದೆ ಎಂದು ನಾನು ಅಂಗಡಿಗೆ ಕೊಟ್ಟಿದ್ದೆ. ಅದು ಸರಿಯಾಗೇ ಇತ್ತು. ಶ್ರವಣ ಪರೀಕ್ಷೆಗೆ ಹೋದೆ. ಗಾಜಿನ ಕೋಣೆಯಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದರು. ನಡುವೆ ಬಹಳ ಹೊತ್ತು ಏನೂ ಕೇಳಲಿಲ್ಲ. ಅವರು ಯಂತ್ರವನ್ನು ಸರಿಮಾಡುತ್ತಿದ್ದಾರೆ ಅಂದುಕೊಂಡು ಕಾದೆ. ಅವರು ಆ ಹೊತ್ತೆಲ್ಲ ಸದ್ದು ಕಳಿಸುತ್ತಲೇ ಇದ್ದರು.

ಹಾಳೆಯ ಮೇಲೆ ಎಡದಿಂದ ಬಲಕ್ಕೆ 250ರಿಂದ 8,000 ಹರ್ಟ್ಸ್. ನನ್ನ ಗೆರೆ 2,000ದವರೆಗೆ ಹೆಚ್ಚುಕಡಿಮೆ ನೇರವಾಗಿ ಬಂದು, 4,000ದಲ್ಲಿ ಬಾವಿಗೆ ಬಿದ್ದ ಹಾಗೆ 50 ಡೆಸಿಬೆಲ್ ಇಳಿದು, 8,000ದಲ್ಲಿ ಸ್ವಲ್ಪ ಮೇಲೆದ್ದಿತ್ತು. ಎರಡೂ ಕಿವಿಯಲ್ಲೂ ಅದೇ ಚಿತ್ರ. ದೊಡ್ಡ ಸದ್ದಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರಲ್ಲಿ ಗೆರೆ ಹೀಗೆ 4,000ದ ಸುತ್ತ ಇಳಿಯುವುದು ಸಾಮಾನ್ಯ ಎಂದು ಪರೀಕ್ಷೆ ಮಾಡಿದವರು ಹೇಳಿದರು. ಇಪ್ಪತ್ತೆರಡು ವರ್ಷ ನಾನು ಪ್ರೆಸ್ ಯಂತ್ರಗಳ ನಡುವೆ ದುಡಿದವನು. ಕಿವಿಗೆ ಹಾಕಿಕೊಳ್ಳಿ ಎಂದು ಕೊಟ್ಟ ಬೆಣೆಗಳನ್ನು ಜೇಬಿನಲ್ಲೇ ಇಟ್ಟುಕೊಂಡೆ. ಯಂತ್ರದ ಸದ್ದು ಕೇಳದೆ ಹೋದರೆ ಅದರ ರೋಗ ಹೇಗೆ ತಿಳಿದೀತು ಅನ್ನುವುದು ನನ್ನ ವಾದವಾಗಿತ್ತು.

ಆ ಹಾಳೆ ಮೇಜಿನ ಮೇಲೆ ನಾಲ್ಕು ದಿನ ಬಿದ್ದಿತ್ತು. ಐದನೆಯ ದಿನ, ಬೇರೇನನ್ನೋ ಹುಡುಕುವಾಗ, ಪೆಡಲಿಗಾಗಿ ನಾನು ಗ್ರಾಫ್ ಹಾಳೆಯಲ್ಲಿ ಬರೆದಿಟ್ಟಿದ್ದ ಫಿಲ್ಟರಿನ ಗೆರೆ ಅದರ ಪಕ್ಕಕ್ಕೇ ಬಂತು. ನನ್ನ ಕಿವಿ ಎಲ್ಲಿ ಕುಸಿದಿತ್ತೋ ಅಲ್ಲೇ ನನ್ನ ಪೆಡಲು ಎತ್ತರ ಉಳಿಸಿಕೊಂಡಿತ್ತು. ತಂತಿಗೆ ಜೀವ ಬಂತು ಎಂದು ನಾನು ಸಂಭ್ರಮಪಟ್ಟದ್ದು ನನ್ನ ಹಳ್ಳ ತುಂಬಿದ್ದಕ್ಕೆ. ಹಳ್ಳವಿಲ್ಲದ ಕಿವಿಗೆ ಅದೇ ಸದ್ದು ಗುಡ್ಡವಾಗಿ ಹೋಗಿ ಬಡಿಯುತ್ತಿತ್ತು. ಮನುಷ್ಯರ ಕಿವಿ ಅತಿ ಸೂಕ್ಷ್ಮವಾಗಿರುವುದು ಕೂಡ ಸುಮಾರು 2,000ದಿಂದ 5,000 ಹರ್ಟ್ಸ್ ನಡುವೆ. ಮಗಳು ಬಳಸಿದ "ಚುಚ್ಚುತ್ತೆ" ಎಂಬ ಪದ ಅಳತೆಪಟ್ಟಿಯಷ್ಟು ಖಚಿತವಾಗಿತ್ತು.

ಆಗಲೂ ಮನಸ್ಸು ನೆಪ ಹುಡುಕಿತು. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮುನ್ಸನ್ 1933ರಲ್ಲಿ ಪ್ರಕಟಿಸಿದ ಗೆರೆಗಳು ನನಗೆ ಗೊತ್ತಿದ್ದವು. ಸದ್ದು ಸಣ್ಣದಾದಾಗ ಕಿವಿಗೆ ಕೆಳಗಿನ ಕಂಪನಾಂಕಗಳೂ ತೀರಾ ಮೇಲಿನವೂ ನಡುವಿನವಕ್ಕಿಂತ ಹೆಚ್ಚು ಕ್ಷೀಣವಾಗುತ್ತವೆ; ಸದ್ದು ದೊಡ್ಡದಾದಂತೆ ಎಲ್ಲವೂ ಸಮಕ್ಕೆ ಬರುತ್ತವೆ. ರಾತ್ರಿ ಹನ್ನೊಂದಕ್ಕೆ ಪಿಸುದನಿಯಲ್ಲಿ ಕೂರಿಸಿದ ಟೋನ್ ಹಗಲು ಡ್ರಮ್ಮಿನ ಪಕ್ಕ ಜೋರಾಗಿ ನುಡಿಸಿದಾಗ ಬದಲಾಗಿ ಕೇಳುವುದು ಸಹಜ, ಇದರಲ್ಲಿ ನನ್ನ ತಪ್ಪೇನಿದೆ ಎಂದು ನನಗೆ ನಾನೇ ವಕೀಲಿಕೆ ಮಾಡಿಕೊಂಡೆ. ವಿಷಯ ನಿಜವೇ. ಆದರೆ ಗೊತ್ತಿದ್ದೂ ನಾನು ಹಗಲು ಹೊತ್ತಿನಲ್ಲಿ, ಅವಳ ಕೈಯಲ್ಲಿ ನುಡಿಸಿ, ಒಮ್ಮೆಯೂ ಕೇಳಲಿಲ್ಲವಲ್ಲ. ತಿಳಿದಿರದೆ ಮಾಡಿದ್ದರೆ ತಪ್ಪು ಸಣ್ಣದಾಗುತ್ತಿತ್ತು.

ನನ್ನ ತಾಯಿ ಹಾಗೆ ಮಾಡುತ್ತಿರಲಿಲ್ಲ. ಮನೆಯಲ್ಲಿ ಒಂದು ಹಳೆಯ ತಂಬೂರಿ ಇತ್ತು. ಸಂಜೆ ನಾಲ್ಕಾರು ಹುಡುಗಿಯರು ಪಾಠಕ್ಕೆ ಬರುತ್ತಿದ್ದರು. ಶ್ರುತಿ ಮಾಡಿದ ಮೇಲೆ ಅಮ್ಮ ಕುದುರೆಯ ಮೇಲೆ ಪ್ರತಿ ತಂತಿಯ ಕೆಳಗೂ ಒಂದು ಹತ್ತಿ ನೂಲಿನ ಎಳೆ ತೂರಿಸಿ, ಕೂದಲೆಳೆಯಷ್ಟು ಆಚೆ ಈಚೆ ಸರಿಸುತ್ತಿದ್ದಳು. ಒಂದು ಜಾಗದಲ್ಲಿ ತಂತಿ ಮೊಂಡಾಗಿ ನುಡಿಯುತ್ತದೆ, ಇನ್ನೊಂದರಲ್ಲಿ ಕಿರುಗುಟ್ಟುತ್ತದೆ, ಎರಡರ ನಡುವೆ ಎಲ್ಲೋ ಜೇನಿನ ಹಾಗೆ ತುಂಬಿಕೊಳ್ಳುತ್ತದೆ. ಅದನ್ನು ಜೀವಾಳಿ ಅನ್ನುತ್ತೇವೆ. ತಂತಿಯನ್ನು ಮೀಟಿದ ಜಾಗದ ಲೆಕ್ಕದ ಪ್ರಕಾರ ಹುಟ್ಟಲೇಬಾರದ ಉಪಸ್ವರಗಳೂ ತಂಬೂರಿ, ವೀಣೆಗಳಲ್ಲಿ ಕೇಳಿಬರುತ್ತವೆ, ಅದಕ್ಕೆ ಕಾರಣ ಕುದುರೆಯ ಮೇಲ್ಮೈ ಎಂದು ಸಿ.ವಿ. ರಾಮನ್ 1921ರಲ್ಲಿ ಬರೆದರು. ಅಮ್ಮನಿಗೆ ಆ ಬರಹ ಗೊತ್ತಿರಲಿಲ್ಲ. ಅವಳು ನೂಲು ಸರಿಸಿ, ತಂತಿ ಮೀಟಿ, ತಂಬೂರಿಯ ಕಡೆ ನೋಡದೆ ಹಾಡಬೇಕಾದ ಹುಡುಗಿಯ ಮುಖ ನೋಡಿ "ಈಗ?" ಎಂದು ಕೇಳುತ್ತಿದ್ದಳು. ಹುಡುಗಿ ತಲೆ ಅಲ್ಲಾಡಿಸಿದರೆ ಮತ್ತೆ ಸರಿಸುತ್ತಿದ್ದಳು. ಅಮ್ಮನ ಕಿವಿ ಆ ಹುಡುಗಿಯದಕ್ಕಿಂತ ನೂರು ಪಾಲು ಪಳಗಿದ್ದು. ಆದರೂ ಕೇಳುತ್ತಿದ್ದಳು, ಏಕೆಂದರೆ ಆ ನಾದದೊಳಗೆ ನಿಂತು ಹಾಡಬೇಕಾದವಳು ಆ ಹುಡುಗಿ.

ಅದೇ ಮನೆಯಲ್ಲಿ ಬೆಳೆದವನು ನಾನು. ನನಗೆ ಆ ಪ್ರಶ್ನೆ ಬಾಯಿಗೆ ಬರಲಿಲ್ಲ.

ಪೆಡಲ್ ಒಂದರಲ್ಲೇ ಅಲ್ಲ. ಮಗಳು ದ್ವಿತೀಯ ಪಿಯುಸಿ ಮುಗಿಸಿದಾಗ "ನಿನಗೆ ಇಷ್ಟವಾದದ್ದು ಓದು, ನನ್ನ ಒತ್ತಾಯವಿಲ್ಲ" ಎಂದು ಹೇಳಿ ಮೂರು ಅರ್ಜಿಗಳನ್ನು ತಂದು ಮೇಜಿನ ಮೇಲಿಟ್ಟೆ: ಇಂಜಿನಿಯರಿಂಗ್, ಬಿ.ಎಸ್ಸಿ., ಬಿ.ಸಿ.ಎ. ಅವಳು ಬಿ.ಸಿ.ಎ. ಆರಿಸಿದಳು. ನಾನು ನೆಂಟರ ಮುಂದೆಲ್ಲ ಆಯ್ಕೆಯನ್ನು ಅವಳಿಗೇ ಬಿಟ್ಟಿದ್ದೆ ಎಂದು ಹೇಳಿಕೊಂಡೆ. ಎರಡು ವರ್ಷದ ಮೇಲೆ ಅವಳ ಕಪಾಟಿನಲ್ಲಿ, ಹಳೆಯ ನೋಟ್‌ಬುಕ್ಕಿನ ನಡುವೆ, ಪತ್ರಿಕೋದ್ಯಮದ ಅರ್ಜಿಯೊಂದು ಸಿಕ್ಕಿತು. ಹೆಸರು, ವಿಳಾಸ, ಅಂಕಗಳು ಎಲ್ಲ ತುಂಬಿತ್ತು. ತಂದೆಯ ಸಹಿಯ ಜಾಗ ಮಾತ್ರ ಖಾಲಿ ಇತ್ತು. ಅವತ್ತು ನನಗೆ ಬೇಜಾರಾದದ್ದು ಅವಳು ಕೇಳಲಿಲ್ಲವಲ್ಲ ಎಂದು. ಈಗ ಅನ್ನಿಸುವುದು ಬೇರೆ. ಪೂರ್ತಿ ತಿರುಗಿಸಿದ ಮೇಲೂ ಸಾಲದೆ ಬಂದಾಗ ಅವಳು ನಾಬ್ ಕಿತ್ತೆಸೆಯುವುದಿಲ್ಲ, ಟವೆಲ್ ಹುಡುಕಿಕೊಳ್ಳುತ್ತಾಳೆ. ಅವಳ ಸ್ವಭಾವ ಅದು. ಅದನ್ನು ನಾನು ಒಪ್ಪಿಗೆ ಎಂದು ಓದಿಕೊಂಡೆ.

ದೀಪಾವಳಿ ರಜೆಯಲ್ಲಿ ಡಬ್ಬಿ ಬಿಚ್ಚಿದೆ. ಮೊದಲು ಹಿಂದಿನವರು ತುದಿಗಳನ್ನು ಎಲ್ಲಿ ನೆಟ್ಟಿದ್ದಾರೆ ಎಂದು ನೋಡಿದೆ. ಎಪ್ಪತ್ತರ ದಶಕದ ಕೊನೆಗೆ ಅಮೆರಿಕದ ಕಲಮಝೂನಲ್ಲಿ ಹುಟ್ಟಿದ ರ‍್ಯಾಟ್ ಪೆಡಲಿನಲ್ಲಿ ನನ್ನದರ ಹಾಗೆಯೇ ಒಂದೇ ಸಾಲಿನ ಫಿಲ್ಟರ್: 1.5 ಕಿಲೋಓಮ್ ರೆಸಿಸ್ಟರ್, 100 ಕಿಲೋಓಮ್ ಪಾಟ್, 3.3 ನ್ಯಾನೋ ಕೆಪಾಸಿಟರ್. ಒಂದು ತುದಿ 32,000 ಹರ್ಟ್ಸ್, ಇನ್ನೊಂದು ಸುಮಾರು 475. ಅದರ ಕತ್ತಲೆಯ ತುದಿ ನನ್ನದಕ್ಕಿಂತ ಆರು ಪಟ್ಟಿಗೂ ಹೆಚ್ಚು ಕೆಳಗಿದೆ. ನುಡಿಸುವವರಿಗೆ ಏನು ಬೇಕಾದೀತೋ ಎಂದು ಬಾಗಿಲುಗಳನ್ನು ಅಗಲ ಮಾಡಿಟ್ಟ ಹಾಗೆ ನನಗೆ ಕಂಡಿತು.

1969ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಮೈಕ್ ಮ್ಯಾಥ್ಯೂಸ್ ಮತ್ತು ಬಾಬ್ ಮಯರ್ ಹೊರತಂದ ಬಿಗ್ ಮಫ್‌ನದು ಇನ್ನೊಂದು ಬಗೆ. 39 ಕಿಲೋಓಮ್ ಮತ್ತು 10 ನ್ಯಾನೋ ಸೇರಿ 408 ಹರ್ಟ್ಸ್‌ನಿಂದ ಮೇಲಿನದನ್ನು ಇಳಿಸುವ ಒಂದು ದಾರಿ, 3.9 ನ್ಯಾನೋ ಮತ್ತು 22 ಕಿಲೋಓಮ್ ಸೇರಿ ಸುಮಾರು 1,850ರಿಂದ ಕೆಳಗಿನದನ್ನು ತಡೆಯುವ ಇನ್ನೊಂದು. ನಾಬ್ ಎರಡರ ನಡುವೆ ಓಡಾಡುತ್ತದೆ. ನಾಬ್ ನಡುವೆ ನಿಂತಾಗ 1,000 ಹರ್ಟ್ಸ್ ಆಸುಪಾಸಿನಲ್ಲಿ ಹಳ್ಳ ಬೀಳುತ್ತದೆ. ಒಬ್ಬರೇ ಕೋಣೆಯಲ್ಲಿ ನುಡಿಸಿದರೆ ಆ ಹಳ್ಳ ಭವ್ಯವಾಗಿ ಕೇಳುತ್ತದೆ. ವಾದ್ಯವೃಂದದಲ್ಲಿ ಕೆಳಗಿನ ಜಾಗವನ್ನು ಬೇಸ್ ಗಿಟಾರೂ ಮೇಲಿನದನ್ನು ಡ್ರಮ್ಮಿನ ತಾಳಗಳೂ ಹಿಡಿದುಕೊಂಡಾಗ, ಗಿಟಾರಿಗೆ ನಿಲ್ಲಲು ಉಳಿಯುವ ಜಾಗವೇ ಆ ನಡುವಿನದು.

ಜಪಾನಿನ ಟ್ಯೂಬ್ ಸ್ಕ್ರೀಮರ್ ನನಗೆ ಹೆಚ್ಚು ಕಲಿಸಿತು. ಅಲ್ಲಿ ಡಯೋಡುಗಳು ಸವರುವ ಹಂತದಲ್ಲೇ 4.7 ಕಿಲೋಓಮ್, 47 ನ್ಯಾನೋ ಸೇರಿ 720 ಹರ್ಟ್ಸ್‌ನ ಕೆಳಗಿನವಕ್ಕೆ ಹೆಚ್ಚು ಬಲ ಸಿಗದ ಹಾಗೆ ಮಾಡುತ್ತವೆ. ಸವರಿದ ಮೇಲೆ 1 ಕಿಲೋಓಮ್, 220 ನ್ಯಾನೋ ಸೇರಿ ಸುಮಾರು 723ರಿಂದ ಮೇಲಿನದನ್ನು ಇಳಿಸುತ್ತವೆ. ನಾಬ್ ಬರುವುದು ಅದಾದ ಮೇಲೆ. ಕೆಳಗಿನ ಸ್ವರಗಳು ಜೋರಾಗಿ ಒಳಗೆ ನುಗ್ಗಿದರೆ ಕಾರ್ಡು ಗೊಜ್ಜಾಗುತ್ತದೆ. ಗೊಜ್ಜಾದ ಮೇಲೆ ಎಷ್ಟು ಸೋಸಿದರೂ ಸ್ವರಗಳು ಬಿಡಿಬಿಡಿಯಾಗುವುದಿಲ್ಲ. ಕೆಲವನ್ನು ಕೆಡುವ ಮೊದಲೇ ನೋಡಿಕೊಳ್ಳಬೇಕು, ಕೆಲವನ್ನು ಆಮೇಲೆ ನೋಡಿಕೊಂಡರೂ ನಡೆಯುತ್ತದೆ. ನಾನು ಎಲ್ಲವನ್ನೂ ಕೊನೆಯ ನಾಬ್‌ನ ತಲೆಗೆ ಕಟ್ಟಿದ್ದೆ.

ಮಧ್ಯಾಹ್ನ, ಕಿಟಕಿ ತೆರೆದು, ಅವಳು ತನ್ನ ಗೆಳೆಯರ ಜೊತೆ ನುಡಿಸುವಷ್ಟೇ ಜೋರಾಗಿ ನುಡಿಸಿದಳು. ನಾನು ಅವಳ ಹಿಂದೆ ನೆಲದ ಮೇಲೆ ಕೂತು ಮೊಸಳೆ ಕ್ಲಿಪ್ಪುಗಳಲ್ಲಿ ಕೆಪಾಸಿಟರುಗಳನ್ನು ಬದಲಾಯಿಸುತ್ತಾ ಹೋದೆ. ಯಾವುದರ ಅಳತೆಯನ್ನೂ ಹೇಳಲಿಲ್ಲ. 10, 33, 15, 47, 22. 22 ನ್ಯಾನೋ ಬಂದಾಗ ಅವಳು ನಿಲ್ಲಿಸದೆ ಒಂದು ಹಾಡು ಪೂರ್ತಿ ನುಡಿಸಿದಳು. ಅದರ ತುದಿಗಳು ಸುಮಾರು 7,200 ಮತ್ತು 660 ಹರ್ಟ್ಸ್. ನನ್ನ ಕಿವಿಗೆ ಅದು ಅದೇ ಕಂಬಳಿ. "ಆದರೆ ತಿರುಗಿಸಿದ ಕೂಡಲೆ, ಮೊದಲ ಸ್ವಲ್ಪದಲ್ಲೇ ಎಲ್ಲ ಆಗಿಹೋಗುತ್ತೆ" ಎಂದಳು. ಅದೂ ಸರಿ. ಪಾಟ್ ಲಿನಿಯರ್ ಆಗಿತ್ತು. ಸುತ್ತಿನ ಹತ್ತನೇ ಒಂದು ಭಾಗಕ್ಕೇ ರೆಸಿಸ್ಟೆನ್ಸ್ 1ರಿಂದ 2 ಕಿಲೋಓಮ್‌ಗೆ ಏರಿ, ಕಡಿತದ ಕಂಪನಾಂಕ ಅರ್ಧಕ್ಕೆ ಬೀಳುತ್ತಿತ್ತು. ಅದರ ಬದಲು ಲಾಗ್ ಪಾಟ್ ಹಾಕಿದೆ. ಅದರ ರೆಸಿಸ್ಟೆನ್ಸ್ ಮೊದಲು ನಿಧಾನ, ಆಮೇಲೆ ಬೇಗ ಏರುತ್ತದೆ. ಅರ್ಧ ಸುತ್ತಿಗೆ ಕಡಿತ 3,000 ಹರ್ಟ್ಸ್ ಹತ್ತಿರ ಬಂದು ನಿಲ್ಲುತ್ತದೆ. ಕಿವಿ ಅಳೆಯುವ ರೀತಿಗೆ ಹೊಂದುವುದು ಅದೇ. ಕಾರ್ಡುಗಳು ಗೊಜ್ಜಾಗದಿರಲು ಸವರುವ ಹಂತದ 100 ನ್ಯಾನೋ ಕೆಪಾಸಿಟರನ್ನು 47ಕ್ಕೆ ಇಳಿಸಿದೆ.

ಇಲ್ಲಿಗೆ ಮುಗಿಸಿದ್ದರೆ ನಾನು ಕಲಿತವನಾಗಿ ಕಾಣುತ್ತಿದ್ದೆ. ಮುಗಿಯಲಿಲ್ಲ. ಅವತ್ತು ರಾತ್ರಿ ಬೆಸುಗೆ ಹಾಕಲು ಒಬ್ಬನೇ ಕೂತಾಗ, ಕೈಯಲ್ಲಿದ್ದ 223ನ್ನು ಕೆಳಗಿಟ್ಟು 153ನ್ನು ಎತ್ತಿಕೊಂಡೆ. 22ರ ಬದಲು 15 ನ್ಯಾನೋ. ಕತ್ತಲೆಯ ತುದಿ 660ರಿಂದ 965ಕ್ಕೆ ಏರುತ್ತದೆ, ಅಷ್ಟೇ ತಾನೆ? ಅವಳಿಗೆ ತಿಳಿಯುವುದೂ ಇಲ್ಲ, ನಾದಕ್ಕೆ ಇಷ್ಟು ಜೀವ ಉಳಿಯುತ್ತದೆ. ಶ್ರವಣ ಪರೀಕ್ಷೆಯ ಹಾಳೆ ಅದೇ ಮೇಜಿನ ಮೇಲಿತ್ತು. ಅದು ಕಣ್ಣಿಗೆ ಕಾಣುತ್ತಿರುವಾಗಲೇ 15 ನ್ಯಾನೋವನ್ನು ಬೆಸುಗೆ ಹಾಕಿ ಡಬ್ಬಿಯ ನಾಲ್ಕೂ ಸ್ಕ್ರೂ ಬಿಗಿದೆ. ನನ್ನ ಕಿವಿ ಸುಳ್ಳು ಹೇಳುತ್ತದೆ ಎಂದು ಗೊತ್ತಾದ ಮೇಲೂ ಅದರ ಮಾತನ್ನೇ ನಂಬಲು ನನಗೆ ಹೆಚ್ಚು ಕಷ್ಟವಾಗಲಿಲ್ಲ. ಮೊದಲ ಸಲದ ತಪ್ಪಿಗೆ ಕಿವುಡನ್ನು ಹೊಣೆ ಮಾಡಬಹುದು. ಇದಕ್ಕೆ ನಾನೊಬ್ಬನೇ ಹೊಣೆ.

ಮರುದಿನ ಅವಳು ಐದು ನಿಮಿಷ ನುಡಿಸಿ, ನಾಬ್ ಎರಡು ಸಲ ತಿರುಗಿಸಿ ನೋಡಿ, "ಅಪ್ಪ, ನಿನ್ನೆದು ಇದಲ್ಲ, ಅಲ್ವಾ?" ಎಂದಳು. ಟವೆಲ್ ಇನ್ನೂ ಆಂಪ್ಲಿಫೈಯರಿನ ತಲೆಯ ಮೇಲೇ ಇತ್ತು.

ಆಂಪ್ಲಿಫೈಯರ್, ಬ್ಯಾಟರಿ, ತೇವದ ಹವೆ, ಹೇಳಲು ಕಾರಣಗಳಿದ್ದವು. "ಅಲ್ಲ" ಎಂದೆ. "ರಾತ್ರಿ ಬದಲಾಯಿಸಿದೆ. ನನಗೆ ಚೆನ್ನಾಗಿ ಕೇಳಲಿ ಅಂತ." ಶ್ರವಣ ಪರೀಕ್ಷೆಯ ಹಾಳೆಯನ್ನು ತಂದು ತೋರಿಸಿದೆ. ಆ ಹಳ್ಳ ಏನು, ನಾನು ಟವೆಲ್ ನೋಡಿಯೂ ಯಾಕೆ ಸುಮ್ಮನಿದ್ದೆ, ಎಲ್ಲ ಹೇಳಿದೆ. ಪತ್ರಿಕೋದ್ಯಮದ ಅರ್ಜಿ ನೋಡಿದ್ದನ್ನೂ ಹೇಳಿದೆ. ಅವಳು ಹಾಳೆಯನ್ನು ಬಹಳ ಹೊತ್ತು ನೋಡಿದಳು. ಬೆರಳಿಂದ ಗೆರೆಯನ್ನು ಹಿಂಬಾಲಿಸಿ 4,000ದ ಹತ್ತಿರ ನಿಲ್ಲಿಸಿದಳು. ಏನೂ ಹೇಳಲಿಲ್ಲ.

ಅವಳೆದುರೇ ಸ್ಕ್ರೂ ಬಿಚ್ಚಿದೆ. ಐರನ್ ಬಿಸಿಯಾಗುವವರೆಗೆ ಇಬ್ಬರೂ ಕಾದೆವು. 15ನ್ನು ತೆಗೆದು ಅವಳ ಅಂಗೈಗೆ ಹಾಕಿ, 22ನ್ನು ಅವಳ ಕೈಯಿಂದಲೇ ತೆಗೆದುಕೊಂಡು ಕೂರಿಸಿದೆ. ಬೆಸುಗೆ ಆರಿತು. ಅವಳು ಗಿಟಾರ್ ಎತ್ತಿಕೊಂಡು ಒಂದು ಕಾರ್ಡು ಬಾರಿಸಿ ಕೊನೆಯವರೆಗೂ ರಣಿಸಲು ಬಿಟ್ಟಳು. ನನಗೆ ಕೇಳಿದ್ದು ಮಂಕಾದ, ಒಳಮುಖವಾದ ಒಂದು ನಾದ. ಅದು ಸರಿಯೋ ತಪ್ಪೋ ಹೇಳಲು ನನ್ನಲ್ಲಿ ಸಾಧನವಿಲ್ಲ. ಅವಳ ಮುಖ ನೋಡಿದೆ.

"ಈಗ?"

ಅವಳು ನಾಬ್ ಒಂದು ತುದಿಯಿಂದ ಇನ್ನೊಂದಕ್ಕೆ ನಿಧಾನವಾಗಿ ತಿರುಗಿಸಿ, ಹಿಂದಕ್ಕೆ ತಂದು, ನಡುವಿಗಿಂತ ಸ್ವಲ್ಪ ಆಚೆ ನಿಲ್ಲಿಸಿದಳು. ಮತ್ತೆ ಬಾರಿಸಿದಳು. ಆಮೇಲೆ ಗಿಟಾರನ್ನು ಹಾಸಿಗೆಯ ಮೇಲಿಟ್ಟು, ಆಂಪ್ಲಿಫೈಯರಿನ ಮೇಲಿದ್ದ ಟವೆಲ್ ಎತ್ತಿಕೊಂಡು, ಬಚ್ಚಲಿಗೆ ಹೋಗಿ ಒಗೆಯುವ ಬಟ್ಟೆಗಳ ಬಕೆಟ್ಟಿಗೆ ಹಾಕಿ ಬಂದಳು.